ಬಲೆಯ ಕಣ್ಣಿನ ಅಳತೆ ಸಾಲದು, ಆಕಾರವೂ ಬದಲಾಗಬೇಕು

ಗಂಗೊಳ್ಳಿ ಬಂದರಿಗೆ ಟ್ರಾಲ್ ಬೋಟು ಬಂದರೆ ಎರಡು ರಾಶಿ ಇಳಿಯುತ್ತದೆ. ಒಂದು ಮಾರುಕಟ್ಟೆಗೆ ಹೋಗುವ ಮೀನು. ಇನ್ನೊಂದು ಬೆರಳುದ್ದದ ಮದ್ಮಲ್, ಪಾಂಬೋಲ್, ಬಂಗುಡೆ ಮರಿಗಳ ರಾಶಿ. ಅದು ಕಡಿಮೆ ದರಕ್ಕೆ ಫಿಶ್‌ಮೀಲ್ ಕಾರ್ಖಾನೆಗೆ. ದೊಡ್ಡದಾಗಿದ್ದರೆ ಒಳ್ಳೆಯ ಬೆಲೆ ತರುತ್ತಿದ್ದ ಮೀನೇ ಅದು.

ಮರಿಗಳು ಯಾಕೆ ತಪ್ಪಿಸಿಕೊಳ್ಳುವುದಿಲ್ಲ? ಟ್ರಾಲ್ ಬಲೆಯಲ್ಲಿ ಮೀನು ಕೊನೆಗೆ ಸೇರುವುದು ಬಾಲದ ಚೀಲಕ್ಕೆ. ಸಾಮಾನ್ಯವಾಗಿ ಅದರ ಕಣ್ಣು ವಜ್ರಾಕಾರದ್ದು. ಎಳೆಯುವಾಗ ಭಾರಕ್ಕೆ ಕಣ್ಣು ಉದ್ದಕ್ಕೆ ಜಗ್ಗಿ ಮುಚ್ಚಿಕೊಳ್ಳುತ್ತದೆ. ದಡದಲ್ಲಿ ಅಳೆದಾಗ ಸರಿಯಿದ್ದ ಬಲೆ ನೀರಿನಲ್ಲಿ ಗೋಡೆಯಾಗುತ್ತದೆ. ಅದೇ ಬಲೆಯನ್ನು ತಿರುಗಿಸಿ ಚೌಕ ಕಣ್ಣು ಬರುವಂತೆ ಜೋಡಿಸಿದರೆ, ನೂಲು ಎಳೆತದ ದಿಕ್ಕಿಗೇ ಇರುವುದರಿಂದ ಕಣ್ಣು ತೆರೆದೇ ಇರುತ್ತದೆ. ಮರಿ ಹೊರಹೋಗುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಚೌಕ ಕಣ್ಣನ್ನು ಶಿಫಾರಸು ಮಾಡಿದ್ದು ಇದಕ್ಕೇ. ನಮ್ಮ ರಾಜ್ಯದ ನಿಯಮವೂ 35 ಮಿ.ಮೀ. ಚೌಕ ಕಣ್ಣು ಎನ್ನುತ್ತದೆ.

ಬೋಟು ಮಾಲೀಕರ ಮಾತನ್ನೂ ಕೇಳಬೇಕು. ಡೀಸೆಲ್ ಖರ್ಚಿಗೆ ಮರಿಮೀನಿನ ಹಣವೂ ಬೇಕು. ನಾವು ಬಿಟ್ಟ ಮರಿಯನ್ನು ಹಿಂದೆ ಬರುವ ಬೋಟು ಹಿಡಿಯುತ್ತದೆ ಎಂಬುದೂ ಸುಳ್ಳಲ್ಲ. ಹಾಗಾಗಿ ಒಬ್ಬೊಬ್ಬರಿಗೆ ದಂಡ ಹಾಕಿ ಪ್ರಯೋಜನವಿಲ್ಲ. ಎಲ್ಲರೂ ಒಟ್ಟಿಗೆ ಬದಲಾಗಬೇಕು.

ಅದಕ್ಕೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದ ಅವಧಿಯೇ ಸರಿಯಾದ ಸಮಯ. ಬೋಟು ದಡದಲ್ಲಿರುತ್ತದೆ, ಬಲೆ ರಿಪೇರಿ ಹೇಗೂ ನಡೆಯುತ್ತದೆ. ಇಡೀ ಬಲೆ ಬೇಡ, ಬಾಲದ ಚೀಲ ಬದಲಿಸಿದರೆ ಸಾಕು. ಅದರ ಖರ್ಚಿನಲ್ಲಿ ಸರ್ಕಾರ ಪಾಲು ಹಾಕಲಿ. ಜೊತೆಗೆ ಕೊಳ್ಳುವ ಕಡೆಯೂ ತಪಾಸಣೆ ಬೇಕು. ಕೇರಳದಲ್ಲಿ ಬಂಗುಡೆ 14 ಸೆಂ.ಮೀ., ಬೂತಾಯಿ 10 ಸೆಂ.ಮೀ.ಗಿಂತ ಚಿಕ್ಕದಿದ್ದರೆ ಹಿಡಿಯುವಂತಿಲ್ಲ. ಕಾರ್ಖಾನೆ ಮರಿಮೀನು ಕೊಳ್ಳುವುದನ್ನು ನಿಲ್ಲಿಸದೆ ಬೋಟು ಹಿಡಿಯುವುದನ್ನು ನಿಲ್ಲಿಸದು.

ಎರಡು ತಿಂಗಳು ಕಡಲಿಗೆ ವಿಶ್ರಾಂತಿ ಕೊಟ್ಟು, ಆಗಸ್ಟ್‌ನಲ್ಲಿ ಮರಿಗಳನ್ನೇ ಬಾಚಿದರೆ ಆ ವಿಶ್ರಾಂತಿಗೆ ಅರ್ಥವೇನು? ಇದರ ನಷ್ಟ ಟ್ರಾಲ್ ಬೋಟಿಗಷ್ಟೇ ಅಲ್ಲ. ಮರವಂತೆ, ಕೊಡೇರಿ, ಉಪ್ಪುಂದದ ನಾಡದೋಣಿಗಳು, ಕೋಡಿಬೆಂಗ್ರೆಯ ಸಣ್ಣ ಮೀನುಗಾರರು, ಕುಂದಾಪುರ, ಬ್ರಹ್ಮಾವರದಲ್ಲಿ ಬುಟ್ಟಿ ಇಟ್ಟು ಕೂರುವ ಹೆಂಗಸರು, ಇವರೆಲ್ಲ ಕಾಯುವುದು ಅದೇ ಮೀನು ಬೆಳೆದು ಬರಲೆಂದು. ಬೆಳೆಯಲು ಬಿಡೋಣ.