ಮಾರ್ತಳ ದೂರನ್ನು ಆಲಿಸುವವರಾರು?

ಮಹದೇವಪುರದಿಂದ ವೈಟ್‌ಫೀಲ್ಡ್‌ವರೆಗಿನ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಆಸ್ಪತ್ರೆಯ ದುಡಿಮೆಯನ್ನೇ ನೆಚ್ಚಿಕೊಂಡ ಮನೆಗಳು ಕಡಿಮೆಯೇನಲ್ಲ. ರಾತ್ರಿ ಪಾಳಿ ಮುಗಿಸಿ, ನಿದ್ದೆಗಣ್ಣಿನಲ್ಲೇ ಮುಂಜಾನೆಯ ಬಲಿಪೂಜೆಗೆ ಬರುವ ದಾದಿಯರನ್ನು ಕಂಡಾಗಲೆಲ್ಲ ನಮ್ಮಲ್ಲೊಂದು ಪ್ರಶ್ನೆ ಮೂಡುತ್ತದೆ: ಆಸ್ಪತ್ರೆಯೊಂದರ ಉತ್ಪಾದಕತೆಯನ್ನು ಅಳೆಯುವ ಬಗೆ ಯಾವುದು? ತುಂಬಿದ ಹಾಸಿಗೆಗಳೇ? ಸಂದಾಯವಾದ ಬಿಲ್ಲುಗಳೇ?

ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಅವರು 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಮನನೀಯವಾದುದು. ಔಷಧ ನೀಡುವಲ್ಲಿ ಆಗುವ ತಪ್ಪುಗಳನ್ನು ಅವರು ಆಸ್ಪತ್ರೆಗಳ 8 ಶುಶ್ರೂಷಾ ತಂಡಗಳಲ್ಲಿ ಪರಿಶೀಲಿಸಿದರು. ಉತ್ತಮ ಮುಖ್ಯಸ್ಥರಿದ್ದ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು! ಕಾರಣವನ್ನು ಅರಸಿದಾಗ ಒಗಟು ಬಿಡಿಸಿತು. ಅಂಥ ತಂಡಗಳ ದಾದಿಯರು ತಪ್ಪನ್ನು ಒಪ್ಪಿಕೊಳ್ಳಲು ಅಂಜುತ್ತಿರಲಿಲ್ಲ. ಉಳಿದೆಡೆ ಭಯವು ತಪ್ಪನ್ನು ಮರೆಮಾಚಿತ್ತು. ಮರೆಮಾಚಿದ ತಪ್ಪು ತಿದ್ದಲ್ಪಡುವುದಿಲ್ಲ; ಅದರ ಬೆಲೆಯನ್ನು ತೆರುವವನು ರೋಗಿ.

ಆಸ್ಪತ್ರೆಗೆ ಶಿಸ್ತು ಬೇಡವೇ ಎಂದು ಕೆಲವರು ಕೇಳಬಹುದು. ಖಂಡಿತ ಬೇಕು. ಆದರೆ ತಿದ್ದುವುದು ಬೇರೆ, ರೋಗಿಗಳ ಎದುರಿನಲ್ಲೇ ಹೀಯಾಳಿಸುವುದು ಬೇರೆ. ಸಿಬ್ಬಂದಿಯು ಆಡಳಿತದ ಮನಸ್ಸನ್ನು ಅರಿಯುವುದು ಗೋಡೆಗೆ ಅಂಟಿಸಿದ ಸುತ್ತೋಲೆಯಿಂದಲ್ಲ. ಪಾಳಿ ಬದಲಾಗುವ ಹೊತ್ತಿನಲ್ಲಿ ಮುಖ್ಯಸ್ಥರಾಡುವ ಮಾತಿನಿಂದ. ದುಡಿಮೆಯಿರುವುದು ಮನುಷ್ಯನಿಗಾಗಿ, ಮನುಷ್ಯನಿರುವುದು ದುಡಿಮೆಗಾಗಿ ಅಲ್ಲವೆಂದು ಜಗದ್ಗುರು ಎರಡನೆಯ ಜಾನ್ ಪಾಲರು 1981ರ ತಮ್ಮ ವಿಶ್ವಪರಿಪತ್ರದಲ್ಲಿ ಬೋಧಿಸಿದ ತತ್ತ್ವವು ವಾರ್ಡಿನಲ್ಲೂ ಸಲ್ಲುತ್ತದೆ.

ಗುಡ್ ಶೆಫರ್ಡ್ ಸಭೆಯ ಧರ್ಮಭಗಿನಿಯರು 1886ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಆಸ್ಪತ್ರೆಗೆ ಸಂತ ಮಾರ್ತಳ ಹೆಸರಿದೆ. ಲೂಕನ ಶುಭಸಂದೇಶದಲ್ಲಿ ಈ ಮಾರ್ತಳು ದುಡಿದು ದಣಿದವಳು. ತನ್ನ ಕಷ್ಟ ಪ್ರಭುವಿಗೆ ಕಾಣಿಸುತ್ತಿಲ್ಲವೆಂದು ನೊಂದು ದೂರಿದವಳು. ಪ್ರಭು ಯೇಸು ಆಕೆಯ ಬಾಯಿ ಮುಚ್ಚಿಸಲಿಲ್ಲ. ದೂರನ್ನು ಪೂರ್ತಿಯಾಗಿ ಆಲಿಸಿ, ಎರಡು ಬಾರಿ ಹೆಸರು ಹಿಡಿದು ಕರೆದು, ಅನಂತರವೇ ತಿದ್ದಿದರು. ಮುಂದಾಳುಗಳಿಗೆ ಇದಕ್ಕಿಂತ ಹಿರಿದಾದ ಪಾಠ ಬೇಕೆ?

ಆಸ್ಪತ್ರೆಗಳಲ್ಲಿ ಅಧಿಕಾರದ ಹೊಣೆ ಹೊತ್ತಿರುವ ನಮ್ಮ ಬಂಧುಗಳು ಈ ವಾರ ತಮ್ಮ ಕೈಕೆಳಗಿನ ಒಬ್ಬರ ಮಾತನ್ನಾದರೂ ಕೊನೆಯವರೆಗೆ ಕೇಳಲಿ. ರೋಗಿಯ ಕಡೆಯವರಾಗಿ ಹೋಗುವ ನಾವೂ ದಾದಿಯ ಮೇಲೆ ದನಿಯೆತ್ತುವ ಮುನ್ನ ಆಕೆಯ ಹೆಸರನ್ನು ಕೇಳಿ ತಿಳಿಯೋಣ. ಅಂಜಿಕೆಯಿಲ್ಲದ ಕೈಯೇ ರೋಗಿಗೆ ಅಭಯಹಸ್ತ.