ಬರೀ ತಗಡು ಅಂತೀರಲ್ಲ ಸ್ವಾಮಿ

2020ರ ಜನವರಿ. ಸಂಕ್ರಾಂತಿಯ ಬೆನ್ನಿಗೇ ಬೆಂಗಳೂರಿನ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರಕ್ಕೆ ಜೆಸಿಬಿ ನುಗ್ಗಿತು. ಅಲ್ಲಿರುವವರೆಲ್ಲ ಬಾಂಗ್ಲಾದೇಶಿಗಳು ಎಂಬ ಹುಯಿಲು ಎದ್ದಿತ್ತು. ಇದ್ದವರು ನಮ್ಮ ಉತ್ತರ ಕರ್ನಾಟಕದವರು, ಈಶಾನ್ಯ ರಾಜ್ಯಗಳಿಂದ, ಬಿಹಾರ–ಉತ್ತರಪ್ರದೇಶದಿಂದ ದುಡಿಯಲು ಬಂದವರು. ಆಧಾರ್ ಕಾರ್ಡು, ವೋಟರ್ ಚೀಟಿ ಹಿಡಿದು ನಿಂತರು. ನೋಡುವ ವ್ಯವಧಾನ ಯಾರಿಗಿತ್ತು? ಹೈಕೋರ್ಟು ಈ ಕ್ರಮ ಮೇಲ್ನೋಟಕ್ಕೇ ಕಾನೂನುಬಾಹಿರ ಎನ್ನುವ ಹೊತ್ತಿಗೆ ನೂರಾರು ಶೆಡ್ಡುಗಳು ನೆಲ ಕಚ್ಚಿದ್ದವು. ಒಂದು ವೇಳೆ ಪರದೇಶದವರೇ ಆಗಿದ್ದರೂ ಅದನ್ನು ತೀರ್ಮಾನಿಸಬೇಕಾದ್ದು ನ್ಯಾಯಾಲಯ. ಜೆಸಿಬಿ ಡ್ರೈವರ್‌ಗೆ ಆ ಅಧಿಕಾರ ಕೊಟ್ಟವರು ಯಾರು?

ಕೆಡವಿದ್ದು ಬರೀ ತಗಡು ಎನ್ನುತ್ತಾರೆ. ಆ ತಗಡಿನೊಳಗೆ ಏನಿರುತ್ತದೆ ಗೊತ್ತೇ? ನೆಲ ಯಾರದೋ, ತಿಂಗಳ ಬಾಡಿಗೆ ತಪ್ಪುವುದಿಲ್ಲ. ನೀರಿಗೊಂದು ನೀಲಿ ಡ್ರಮ್ಮು. ಗ್ಯಾಸ್ ಕನೆಕ್ಷನ್ ಇಲ್ಲ, ಸಣ್ಣ ಸಿಲಿಂಡರಿಗೆ ಕೆಜಿ ಲೆಕ್ಕದಲ್ಲಿ ತುಂಬಿಸಬೇಕು. ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಉರಿಯುವ ಗ್ಯಾಸಿಗಿಂತ ಅದೇ ದುಬಾರಿ. ರೇಷನ್ ಕಾರ್ಡು ಊರಲ್ಲಿ ಅತ್ತೆಯ ಹತ್ತಿರ, ಹಾಗಾಗಿ ಅಕ್ಕಿ ಅಂಗಡಿಯಿಂದಲೇ. ಹೆಂಗಸು ನಾಲ್ಕು ಮನೆ ಪಾತ್ರೆ ತಿಕ್ಕಿ, ಗಂಡಸು ಗಾರೆ ಕೆಲಸಕ್ಕೆ ಹೋಗಿ, ಚೀಟಿ ಹಾಕಿ, ಮುಂಗಡ ಸಾಲ ಎತ್ತಿ ಕೊಂಡ ಟಿವಿ, ಟ್ರಂಕು, ಮಕ್ಕಳ ಶಾಲೆ ಬ್ಯಾಗು ಅದರೊಳಗಿರುತ್ತವೆ. ದುಡಿಮೆಯ ಎಷ್ಟೋ ವರ್ಷಗಳನ್ನು ಅರ್ಧ ಗಂಟೆಯಲ್ಲಿ ಮಣ್ಣು ಮಾಡಿ, ಕಡತದಲ್ಲಿ ‘ತೆರವು’ ಎಂದು ಒಂದು ಸಾಲು ಬರೆದರೆ ಮುಗಿಯಿತು.

ಇವರು ಶೆಡ್ಡಿನಲ್ಲಿರುವುದು ಶೋಕಿಗಲ್ಲ. ಕೊಡುವ ಕೂಲಿಯಲ್ಲಿ ಈ ಊರಿನಲ್ಲಿ ಅದಕ್ಕಿಂತ ಗಟ್ಟಿ ಸೂರು ಸಿಗುವುದಿಲ್ಲ, ಅಷ್ಟೆ. ಕೂಲಿ ಕಡಿಮೆ ಇಟ್ಟವರೇ ಗುಡಿಸಲು ಕಂಡು ಮೂಗು ಮುಚ್ಚಿಕೊಳ್ಳುತ್ತಾರೆ. ವಠಾರದ ಒಂದೇ ಕೋಣೆಯಲ್ಲಿ ಇಡೀ ಸಂಸಾರ ನಡೆಸುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಕಥೆಯನ್ನೇ ನೋಡಿ. 2020ರ ಏಪ್ರಿಲ್‌ನಿಂದ ಅವರಿಗೆ ಸಿಗಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ. ಕೊರೊನಾ ನೆಪದಲ್ಲಿ ಸರ್ಕಾರ ಅದನ್ನೂ ಮುಂದೂಡಿತು. ಆ ಆದೇಶಕ್ಕೆ ಹೈಕೋರ್ಟು ತಡೆ ಕೊಟ್ಟ ಮೇಲೂ ಕಾರ್ಖಾನೆಗಳು ಜಗ್ಗಲಿಲ್ಲ; ಬಾಕಿ ಕೈಗೆ ಬರುವಾಗ 2022 ಬಂದಿತ್ತು. ಅಷ್ಟರಲ್ಲಿ ಎಣ್ಣೆ, ಬೇಳೆ, ಬಾಡಿಗೆ ಯಾವುದಾದರೂ ಕಾದು ಕೂತಿತ್ತೇ?

ಸರ್ಕಾರವೇ ಬಡವರಿಗೆಂದು ಇಟ್ಟ ಜಾಗದಲ್ಲಾದರೂ ನೆಮ್ಮದಿ ಉಂಟೇ ಎಂದರೆ ಈಜಿಪುರ ನೆನಪಾಗುತ್ತದೆ. 2013ರ ಜನವರಿಯಲ್ಲಿ ಅಲ್ಲಿನ ಇಡಬ್ಲ್ಯೂಎಸ್ ಕಾಲೊನಿಯಿಂದ ಸುಮಾರು 1,500 ಕುಟುಂಬಗಳನ್ನು ಎಬ್ಬಿಸಿದರು. ಕೋರಮಂಗಲದ ಮನೆಗಳನ್ನು ಗುಡಿಸಿ ಒರೆಸುತ್ತಿದ್ದವರು ಮಕ್ಕಳೊಂದಿಗೆ ಫುಟ್‌ಪಾತಿನಲ್ಲಿ ಮಲಗಿದರು. ಆ ಜಾಗದ ಅರ್ಧದಷ್ಟನ್ನು ಖಾಸಗಿ ಬಿಲ್ಡರ್‌ಗೆ ವಾಣಿಜ್ಯ ಕಟ್ಟಡಕ್ಕೆ ಬಿಟ್ಟುಕೊಡುವ ಒಪ್ಪಂದ ಆಗಿತ್ತು. ಬಡವರ ಪಾಲಿನ ಮಣ್ಣಿನಲ್ಲಿ ಮಾಲ್!

ಕಾನೂನಿಲ್ಲ ಎನ್ನಬೇಡಿ. ಬದುಕುವ ಹಕ್ಕಿನಲ್ಲಿ ಜೀವನೋಪಾಯವೂ ಸೇರಿದೆ ಎಂದು ಸುಪ್ರೀಂ ಕೋರ್ಟು 1985ರಲ್ಲೇ, ಮುಂಬೈನ ಫುಟ್‌ಪಾತ್ ವಾಸಿಗಳ ಪ್ರಕರಣದಲ್ಲಿ ಹೇಳಿದೆ. 2024ರ ನವೆಂಬರ್‌ನಲ್ಲಿ ಅದೇ ನ್ಯಾಯಾಲಯ, ಕೆಡವುವ ಮುನ್ನ 15 ದಿನದ ನೋಟಿಸ್ ಕೊಡಬೇಕು, ಮೀರಿದ ಅಧಿಕಾರಿ ಸ್ವಂತ ಖರ್ಚಿನಲ್ಲಿ ನಷ್ಟ ತುಂಬಿಕೊಡಬೇಕು ಎಂದಿತು. ರಸ್ತೆ, ಫುಟ್‌ಪಾತಿನ ಒತ್ತುವರಿಗೆ ಇದು ಅನ್ವಯಿಸದು ಎಂಬ ಕಿಂಡಿಯನ್ನೂ ಬಿಟ್ಟಿತು. ಆ ಕಿಂಡಿಯಲ್ಲೇ ನಮ್ಮವರು ಜೆಸಿಬಿ ತೂರಿಸುತ್ತಾರೆ.

ಆದ್ದರಿಂದ ಕೇಳುತ್ತಿದ್ದೇವೆ: ನೋಟಿಸ್ ಇಲ್ಲದೆ ಕೆಡವಿದ ಪ್ರತಿ ಶೆಡ್ಡಿನ ಸಾಮಾನಿನ ಪಟ್ಟಿ ಮಾಡಿ, ಡ್ರಮ್ಮು, ಒಲೆ, ಶಾಲೆ ಬ್ಯಾಗು ಸಮೇತ. ಬೆಲೆ ಕಟ್ಟಿ. ಆದೇಶಕ್ಕೆ ಸಹಿ ಹಾಕಿದವರ ಸಂಬಳದಿಂದ ಆ ಹಣ ಮುರಿದುಕೊಳ್ಳಿ.