ಓಡಿಸಿದವರು ಮತ್ತು ಓಡಿಸಲು ನೆರವಾದವರು

ಕಂಬಳದ ಫಲಿತಾಂಶವನ್ನು ಪ್ರಕಟಿಸುವ ರೀತಿಯಲ್ಲಿ ಒಂದು ನ್ಯಾಯವಿದೆ. ಪೈವಳಿಕೆಯ ಅಣ್ಣ-ತಮ್ಮ ಜೋಡುಕರೆ ಕಂಬಳವಾಗಲಿ, ತುಳುನಾಡಿನ ಮತ್ತಾವ ಕಂಬಳವಾಗಲಿ, ಕೋಣಗಳ ಯಜಮಾನರ ಹೆಸರಿನೊಡನೆ ‘ಓಡಿಸಿದವರು’ ಎಂದು ಓಟಗಾರನ ಹೆಸರೂ, ಅಡ್ಡಹಲಗೆಯಾದರೆ ‘ಹಲಗೆ ಮುಟ್ಟಿದವರು’ ಎಂದು ಹಲಗೆಯ ಮೇಲೆ ನಿಂತವನ ಹೆಸರೂ ಅಚ್ಚಾಗುತ್ತವೆ. ಕೆಲವೇ ಸೆಕೆಂಡುಗಳ ಓಟಕ್ಕೆ ಇಷ್ಟು ಲೆಕ್ಕವಿಡುವ ಭಾಷೆಯಲ್ಲಿ 24 ಗಂಟೆಗಳ ಕಾರು ಓಟದ ಸುದ್ದಿ ಸಾಮಾನ್ಯವಾಗಿ ಒಬ್ಬ ಚಾಲಕನ ಹೆಸರಿಗೇ ಮುಗಿಯುವುದು ಸರಿಯಲ್ಲ.

ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ 1923ರಲ್ಲಿ ಆರಂಭವಾದ ಸ್ಪರ್ಧೆ ಇಂತಹ ಓಟಗಳಲ್ಲಿ ಹೆಸರಾದುದು. ಒಂದು ಸುತ್ತಿಗೆ 13 ಕಿಲೋಮೀಟರಿಗಿಂತ ಹೆಚ್ಚು ದೂರ. ಒಂದೇ ಕಾರನ್ನು ಮೂವರು ಸರದಿಯಂತೆ ಓಡಿಸುತ್ತಾರೆ. ಆರು ಗಂಟೆಗಳ ಅವಧಿಯಲ್ಲಿ ಯಾರೊಬ್ಬರೂ ನಾಲ್ಕು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ಇರುಳಿಡೀ ಟೈರು ಬದಲಿಸುವವರು, ಇಂಧನ ತುಂಬುವವರು, ಲೆಕ್ಕ ಹಾಕುವವರು ಎಚ್ಚರವಾಗಿರಬೇಕು. ಒಬ್ಬನೇ ಗೆಲ್ಲಲು ನಿಯಮವೇ ಎಡೆಗೊಡದ ಆಟವಿದು.

2012ರಲ್ಲಿ ಚೆನ್ನೈಯ ಕರುಣ್ ಚಂದೋಕ್ ಇಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯರಾದರು. ಬ್ರಿಟನ್ನಿನ ಜೆಆರ್‌ಎಂ ತಂಡದ ಆ ಕಾರು ಒಟ್ಟಾರೆ ಆರನೆಯ ಸ್ಥಾನ ಪಡೆಯಿತು. ಡೇವಿಡ್ ಬ್ರಾಬಂ ಮತ್ತು ಪೀಟರ್ ಡಂಬ್ರೆಕ್ ಅದರ ಸಹಚಾಲಕರು. 2019ರಲ್ಲಿ ಬೆಂಗಳೂರಿನ ಅರ್ಜುನ್ ಮೈನಿ ಬ್ರಿಟನ್ನಿನದೇ ಆದ ಆರ್‌ಎಲ್‌ಆರ್ ಎಂಸ್ಪೋರ್ಟ್ ಎಂಬ ಸಣ್ಣ ತಂಡದ ಪರವಾಗಿ, ಜಾನ್ ಫರಾನೊ ಮತ್ತು ನಾರ್ಮನ್ ನಾಟೊ ಅವರೊಂದಿಗೆ ಕಣಕ್ಕಿಳಿದರು. ಹಿಂದಿನ ವರ್ಷ ಯುರೋಪಿಯನ್ ಲೆ ಮಾನ್ಸ್ ಸರಣಿಯ ಕೆಳಗಿನ ದರ್ಜೆಯಲ್ಲಿ ಗೆದ್ದುದರಿಂದ ಆ ತಂಡಕ್ಕೆ ಈ ಆಹ್ವಾನ ದೊರೆತಿತ್ತು. ಆ ಗೆಲುವಿನಲ್ಲಿ ಅರ್ಜುನ್ ಇರಲಿಲ್ಲ. ಇತರರು ದುಡಿದು ತೆರೆದ ಬಾಗಿಲಿನಿಂದಲೇ ಕನ್ನಡನಾಡಿನ ತರುಣ ಒಳಹೊಕ್ಕರೆಂಬುದು ಅವರ ಸಾಧನೆಯನ್ನು ಕುಗ್ಗಿಸುವುದಿಲ್ಲ. ಅದರ ಪೂರ್ಣ ರೂಪವನ್ನು ತೋರಿಸುತ್ತದೆ.

ಪ್ರಾಣವನ್ನು ಪಣಕ್ಕಿಡುವವನು ಚಾಲಕ. ಆದ್ದರಿಂದ ಅವನ ಹೆಸರೇ ಮುಂದಿರಬೇಕೆಂಬ ವಾದವುಂಟು. ಮುಂದಿರಲಿ, ಉಳಿದವು ಅಳಿಸಿಹೋಗಬಾರದು. ಅಷ್ಟೇ ಅಪಾಯವನ್ನು ಪಕ್ಕದ ಆಸನದಲ್ಲಿ ಕುಳಿತು ಎದುರಿಸುವವರೂ ಇದ್ದಾರೆ. ಕಾಸರಗೋಡಿನ ಮೂಸಾ ಶರೀಫ್ ಅಂಥವರು. ಗೌರವ್ ಗಿಲ್ ಅವರೊಂದಿಗೆ ರಾಷ್ಟ್ರೀಯ ರ‍್ಯಾಲಿಗಳಲ್ಲಿ ಪ್ರಶಸ್ತಿ ಗೆದ್ದ ಈ ನ್ಯಾವಿಗೇಟರ್ ಅವರ ಕೆಲಸ, ಮುಂದಿನ ತಿರುವು ಎಂಥದೆಂಬುದನ್ನು ತಿರುವು ಕಣ್ಣಿಗೆ ಬೀಳುವ ಮೊದಲೇ ಓದಿ ಹೇಳುವುದು. ಒಂದು ಮಾತು ತಡವಾದರೆ ಕಾರು ರಸ್ತೆಯಲ್ಲಿ ಉಳಿಯದು.

ಕನ್ನಡ ವಿಭಾಗದ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ನಾಳೆ ಪತ್ರಿಕೆಗಳಿಗೆ ಬರೆಯುವವರು. ಕಾರು ಓಟದ ವರದಿಗೆ ಮಾದರಿಯನ್ನು ಅವರು ದೂರದಲ್ಲಿ ಅರಸಬೇಕಾಗಿಲ್ಲ. ತಂಡ, ಚಾಲಕರು, ಕಾರನ್ನು ಸಜ್ಜುಗೊಳಿಸಿದವರು ಎಂದು ಮೂರು ಸಾಲು ಬರೆದರೆ ಸಾಕು. ಕಂಬಳದ ಕರೆಯ ಬಳಿ ನಿಂತು ಬರೆಯುವವರು ಅದನ್ನು ಎಂದಿನಿಂದಲೂ ಮಾಡುತ್ತಲೇ ಬಂದಿದ್ದಾರೆ.